ಟೈಟಾನಿಯಂ, ಜಿರ್ಕೋನಿಯಂಗಳಲ್ಲಿ ಇಂಗಾಲ ಅಳೆಯುವ ಇಂಡಕ್ಷನ್ ಅನಲೈಸರ್: ಒಂದು ಬಳಕೆದಾರ ವಿಮರ್ಶೆ

ಇಂಗಾಲ ಅಳೆಯುವ ಯಂತ್ರ ಲೋಹ ಪರೀಕ್ಷೆಯ ಪ್ರಯೋಗಾಲಯಗಳಿಗೆ ಹೊಸದೇನಲ್ಲ. ಬೆಂಗಳೂರಿನ ಪೀಣ್ಯದಲ್ಲಿ, ಬೆಳಗಾವಿಯ ಫೌಂಡ್ರಿಗಳ ಸುತ್ತಮುತ್ತ, ಉಕ್ಕು ಮತ್ತು ಎರಕದ ಕಬ್ಬಿಣದ ಚೂರುಗಳನ್ನು ಸುಟ್ಟು ಇಂಗಾಲ, ಗಂಧಕಗಳ ಪ್ರಮಾಣ ಹೇಳುವ ಕಾರ್ಬನ್–ಸಲ್ಫರ್ ಅನಲೈಸರ್‌ಗಳು ಬಹಳ ಕಾಲದಿಂದ ಕೆಲಸ ಮಾಡುತ್ತಿವೆ. ವಿಮಾನದ ಬಿಡಿಭಾಗಗಳನ್ನೂ ಮೂಳೆಗೆ ಜೋಡಿಸುವ ಇಂಪ್ಲಾಂಟ್‌ಗಳನ್ನೂ ತಯಾರಿಸುವ ಕಾರ್ಖಾನೆಗಳು ಹೆಚ್ಚಾದ ಮೇಲೆ ಅದೇ ಯಂತ್ರಕ್ಕೆ ಟೈಟಾನಿಯಂನಂಥ ಕ್ರಿಯಾಶೀಲ ಲೋಹಗಳ ಮಾದರಿಗಳು ಬರತೊಡಗಿವೆ, ಮತ್ತು ಉಕ್ಕಿನಲ್ಲಿ ಎಂದೂ ಎದುರಾಗದಿದ್ದ ಪ್ರಶ್ನೆಗಳು ಅಲ್ಲಿಂದ ಶುರುವಾಗುತ್ತವೆ. ನಮ್ಮ ಪ್ರಯೋಗಾಲಯದಲ್ಲಿ ಈ ಕೆಲಸಕ್ಕೆಂದೇ ಮೀಸಲಿಟ್ಟಿರುವ ಇಂಡಕ್ಷನ್ ಕುಲುಮೆಯ ಅನಲೈಸರ್ ಒಂದನ್ನು ಕುರಿತು ಈ ವಿಮರ್ಶೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ವರ್ಗದ ಯಂತ್ರಗಳ ಮೂಲ ರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಇಲ್ಲಿ ಹೇಳಿರುವ ಗುಣದೋಷಗಳು ಬೇರೆ ಹೆಸರಿನ ಯಂತ್ರ ಕೊಳ್ಳುವವರಿಗೂ ಉಪಯೋಗಕ್ಕೆ ಬರುತ್ತವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಟೈಟಾನಿಯಂಗೆ ಮಾನಕಗಳು ಹಾಕಿರುವ ಶೇಕಡಾ 0.08ರ ಮಿತಿಯೊಳಗೆ ಮಾದರಿ ಇದೆಯೇ ಇಲ್ಲವೇ ಎಂದು ಹೇಳಲು ಈ ಯಂತ್ರ ಬೇಕಾದಷ್ಟು ಸಮರ್ಥವಾಗಿದೆ. ಆದರೆ 50 ಪಿಪಿಎಂಗಿಂತ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ) ಕೆಳಗಿನ ಇಂಗಾಲವನ್ನು ಅಳೆಯಬೇಕಾದಾಗ ಪರದೆಯ ಮೇಲೆ ಮೂಡುವ ಅಂಕಿಯ ಬಹುಪಾಲು ಹೊಣೆ ಯಂತ್ರದಿಂದ ಕಳಚಿ ಮಾದರಿಯನ್ನು ಸುಡುವ ಮೂಸೆ, ಆಮ್ಲಜನಕದ ಸಿಲಿಂಡರ್, ಮಾದರಿಯನ್ನು ಕತ್ತರಿಸಿದ ಲೇತ್ ಮತ್ತು ಅದನ್ನು ಮುಟ್ಟಿದ ಕೈಗಳ ಮೇಲೆ ಬೀಳುತ್ತದೆ. ತಯಾರಕರ ಕರಪತ್ರ ಈ ವಿಷಯವನ್ನು ಹೇಳುವುದಿಲ್ಲ; ಕೊಳ್ಳುವವರು ತಿಳಿದಿರಲೇಬೇಕು.

ಇಷ್ಟು ಸಣ್ಣ ಪ್ರಮಾಣದ ಇಂಗಾಲಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆಂದರೆ, ಟೈಟಾನಿಯಂನ ದೊಡ್ಡ ಪರಮಾಣುಗಳ ನಡುವಿನ ಸಂದುಗಳಲ್ಲಿ ಆಮ್ಲಜನಕ, ಸಾರಜನಕ, ಇಂಗಾಲಗಳ ಸಣ್ಣ ಪರಮಾಣುಗಳು ಸೇರಿಕೊಂಡು ಲೋಹದ ಗುಣವನ್ನೇ ಬದಲಿಸುತ್ತವೆ. ಸ್ವಲ್ಪ ಸೇರಿದರೆ ಲೋಹ ಗಟ್ಟಿಯಾಗುತ್ತದೆ. ಇಂಗಾಲ ಹೆಚ್ಚಾದರೆ ಟೈಟಾನಿಯಂ ಕಾರ್ಬೈಡ್ ಕಣಗಳಾಗಿ ಬೇರ್ಪಟ್ಟು, ಲೋಹದ ಬಾಗುವ ಗುಣ ಕುಗ್ಗಿ, ಬಿರುಕು ಹುಟ್ಟಲು ನೆಲೆ ಸಿಗುತ್ತದೆ. ಹೆಚ್ಚು ಬಳಕೆಯಲ್ಲಿರುವ 5ನೇ ದರ್ಜೆಯ ಮಿಶ್ರಲೋಹದಲ್ಲಿ, ಅಂದರೆ ಶೇಕಡಾ 6ರಷ್ಟು ಅಲ್ಯೂಮಿನಿಯಂ ಮತ್ತು 4ರಷ್ಟು ವೆನೇಡಿಯಂ ಇರುವ ಟೈಟಾನಿಯಂನಲ್ಲಿ, ಇಂಗಾಲ ಶೇಕಡಾ 0.08, ಸಾರಜನಕ 0.05, ಆಮ್ಲಜನಕ 0.20 ಮೀರಬಾರದು. ಅಣುಸ್ಥಾವರಗಳಲ್ಲಿ ಇಂಧನದ ಕೊಳವೆಗೆ ಬಳಸುವ ಜಿರ್ಕಲಾಯ್–4 ಎಂಬ ಜಿರ್ಕೋನಿಯಂ ಮಿಶ್ರಲೋಹಕ್ಕೆ ಇಂಗಾಲದ ಮಿತಿ 270 ಪಿಪಿಎಂ. ಉತ್ತರ ಕನ್ನಡದ ಕೈಗಾದಲ್ಲಿರುವ 220 ಮೆಗಾವಾಟ್‌ನ ನಾಲ್ಕು ಘಟಕಗಳು ಭಾರಜಲದ ರಿಯಾಕ್ಟರ್‌ಗಳಾಗಿದ್ದು, ಅಂಥ ರಿಯಾಕ್ಟರ್‌ಗಳಿಗೆ ಬೇಕಾದ ಜಿರ್ಕೋನಿಯಂ ಕೊಳವೆಗಳು ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್‌ನಲ್ಲಿ ತಯಾರಾಗುತ್ತವೆ. ಇಂಗಾಲದ ಲೆಕ್ಕ ನಮ್ಮ ಮನೆಯ ದೀಪಕ್ಕೆ ಇಷ್ಟು ಹತ್ತಿರದಲ್ಲಿದೆ.

ಈ ಲೋಹಗಳಿಗೆ ಇಂಗಾಲ ಸೇರುವ ದಾರಿಗಳೂ ಹಲವು. ಟೈಟಾನಿಯಂನ ಅದಿರನ್ನು ಪೆಟ್ರೋಲಿಯಂ ಕೋಕ್ ಜೊತೆ ಬಿಸಿಮಾಡಿ ಕ್ಲೋರಿನ್ ಹಾಯಿಸಿ ಕ್ಲೋರೈಡ್ ಮಾಡುವುದೇ ತಯಾರಿಕೆಯ ಮೊದಲ ಹೆಜ್ಜೆ. ಆ ಕ್ಲೋರೈಡನ್ನು ಶುದ್ಧಗೊಳಿಸಿ ಮೆಗ್ನೀಸಿಯಂ ಬಳಸಿ ಲೋಹವಾಗಿಸುವ ಕ್ರೋಲ್ ವಿಧಾನದಿಂದಲೇ ಕೇರಳದ ಚವರದಲ್ಲಿ ವರ್ಷಕ್ಕೆ 500 ಟನ್ ಸಾಮರ್ಥ್ಯದ ಸ್ಪಾಂಜ್ (ರಂಧ್ರಮಯ ಕಚ್ಚಾ ಟೈಟಾನಿಯಂ) ಘಟಕ 2011ರಲ್ಲಿ ಶುರುವಾಯಿತು. ಆಮೇಲೆ ಕರಗಿಸುವಾಗ ಮರುಬಳಕೆಯ ಚೂರಿನೊಂದಿಗೆ ಬಂದ ಎಣ್ಣೆ, ಲೇತ್‌ನ ಕಾರ್ಬೈಡ್ ಮೊನೆಯಿಂದ ಮುರಿದು ಬಿದ್ದ ತುಣುಕು, ಎಲ್ಲವೂ ಇಂಗಾಲವನ್ನು ತರಬಲ್ಲವು. ನಿರ್ವಾತದಲ್ಲಿ ಮತ್ತೆ ಮತ್ತೆ ಕರಗಿಸಿದರೆ ಜಲಜನಕವೂ ಉಳಿದಿದ್ದ ಮೆಗ್ನೀಸಿಯಂ ಕ್ಲೋರೈಡೂ ಹೊರಟುಹೋಗುತ್ತವೆ, ಇಂಗಾಲ ಮಾತ್ರ ಹೋಗುವುದಿಲ್ಲ. ಒಳಗೆ ಬಂದದ್ದನ್ನು ತೆಗೆಯುವ ಉಪಾಯವಿಲ್ಲದ ಕಾರಣ ಅದನ್ನು ಸರಿಯಾಗಿ ಅಳೆಯುವುದೊಂದೇ ಕಾವಲು.

ಯಂತ್ರ ಕೆಲಸ ಮಾಡುವ ಬಗೆ ಸರಳವಾಗಿದೆ. ಸೆರಾಮಿಕ್ ಮೂಸೆಯೊಳಗೆ ಅರ್ಧ ಗ್ರಾಂ ಆಸುಪಾಸಿನ ಲೋಹದ ಚೂರುಗಳನ್ನು ತೂಗಿ ಹಾಕಿ, ಅದಕ್ಕೆ ಆಕ್ಸಿಲರೇಟರ್ ಎನ್ನುವ ಟಂಗ್‌ಸ್ಟನ್, ತವರ, ಕಬ್ಬಿಣ ಅಥವಾ ತಾಮ್ರದ ಹರಳುಗಳನ್ನು ಸೇರಿಸಿ, ಕ್ವಾರ್ಟ್ಸ್ ಕೊಳವೆಯೊಳಗೆ ಏರಿಸಿದರೆ, ಕೊಳವೆಯ ಸುತ್ತ ಇರುವ ತಾಮ್ರದ ಸುರುಳಿಯಲ್ಲಿ 20 ಮೆಗಾಹರ್ಟ್ಸ್ ಆಸುಪಾಸಿನ ವಿದ್ಯುತ್ ಹರಿದು, ಮೂಸೆಯಲ್ಲಿರುವ ಲೋಹ ಆಮ್ಲಜನಕದ ಹರಿವಿನಲ್ಲಿ ಹೊತ್ತಿ ಉರಿಯುತ್ತದೆ. ಇಂಗಾಲದ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿ, ಸ್ವಲ್ಪ ಭಾಗ ಮೊನಾಕ್ಸೈಡ್ ಆಗಿ ಹೊರಡುತ್ತದೆ. ಧೂಳನ್ನು ಸೋಸಿ, ತೇವವನ್ನು ಮೆಗ್ನೀಸಿಯಂ ಪರ್‌ಕ್ಲೋರೇಟ್‌ನಿಂದ ಹೀರಿ, ಮೊನಾಕ್ಸೈಡನ್ನು ಬಿಸಿಯಾದ ಪ್ಲಾಟಿನಂ ಲೇಪಿತ ಸಿಲಿಕಾದ ಮೇಲೆ ಡೈಆಕ್ಸೈಡ್ ಮಾಡಿ, ಅನಿಲವನ್ನು ಇನ್‌ಫ್ರಾರೆಡ್ ಕೋಶದ ಮೂಲಕ ಹಾಯಿಸಲಾಗುತ್ತದೆ. ಇಂಗಾಲದ ಡೈಆಕ್ಸೈಡ್ 4.26 ಮೈಕ್ರೋಮೀಟರ್ ತರಂಗಾಂತರದ ಕಿರಣವನ್ನು ಹೀರುವುದರಿಂದ ಕಿರಣ ಎಷ್ಟು ಕುಗ್ಗಿತೆಂಬುದರ ಮೇಲೆ ಇಂಗಾಲದ ತೂಕ ತಿಳಿಯುತ್ತದೆ. ಕ್ರಿಯಾಶೀಲ ಮತ್ತು ಅಧಿಕ ತಾಪಸಹ ಲೋಹಗಳಿಗೆ ಈ ವಿಧಾನವನ್ನು ವಿವರಿಸುವುದು ಎಎಸ್‌ಟಿಎಂ ಎಂಬ ಅಮೆರಿಕದ ಮಾನಕ ಸಂಸ್ಥೆಯ ಇ1941 ಮಾನಕ. ಉಕ್ಕಿನ ಮಾನಕ ಇ1019 ಬೇರೆಯೇ ಆಗಿದ್ದು, ಎರಡನ್ನೂ ಒಂದೇ ಕಾರ್ಯವಿಧಾನದಲ್ಲಿ ಸೇರಿಸಿ ಬರೆದಿರುವ ಪ್ರಯೋಗಾಲಯಗಳ ವರದಿಗಳನ್ನು ನಾನು ನಂಬುವುದಿಲ್ಲ.

ಯಂತ್ರದ ನಿಜವಾದ ಬಲ ಅದರ ಕುಲುಮೆ. ಟೈಟಾನಿಯಂ 1668 ಡಿಗ್ರಿ, ಜಿರ್ಕೋನಿಯಂ 1855 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಇವು ಕಬ್ಬಿಣದಂತೆ ಅಯಸ್ಕಾಂತೀಯವಲ್ಲದ ಕಾರಣ ಸುರುಳಿಯ ಶಕ್ತಿಯನ್ನು ತಾವಾಗಿ ಚೆನ್ನಾಗಿ ಹಿಡಿಯುವುದಿಲ್ಲ. ಒಮ್ಮೆ ಹೊತ್ತಿಕೊಂಡವೆಂದರೆ ಅಷ್ಟೇ ಉಗ್ರವಾಗಿ ಉರಿದು, ಕರಗಿದ ಆಕ್ಸೈಡ್ ಕ್ವಾರ್ಟ್ಸ್ ಕೊಳವೆಗೆ ಸಿಡಿಯುತ್ತದೆ. ಸಿಡಿದ ಹನಿಯೊಳಗೆ ಸುಡದ ಲೋಹ ಉಳಿದರೆ ಅದರಲ್ಲಿರುವ ಇಂಗಾಲ ಲೆಕ್ಕಕ್ಕೇ ಸಿಗುವುದಿಲ್ಲ. ಈ ಯಂತ್ರದಲ್ಲಿ ಸುರುಳಿಯ ಶಕ್ತಿಯನ್ನು ಹಂತಹಂತವಾಗಿ ಏರಿಸುವ ಸೌಲಭ್ಯವಿರುವುದು ಟೈಟಾನಿಯಂ ಸುಡುವವರಿಗೆ ದೊಡ್ಡ ವರ. ಕಬ್ಬಿಣದ ಹರಳುಗಳು ಮೊದಲು ಕಾಯ್ದು, ತವರ ಬೇಗ ಕರಗಿ ಹರಿದು, ಟಂಗ್‌ಸ್ಟನ್ ಉರಿಯನ್ನು ದೀರ್ಘವಾಗಿ ಹಿಡಿದಿಟ್ಟು, ಒಟ್ಟು ದಹನ ಸಮವಾಗಿ ನಡೆಯುತ್ತದೆ. ಸುಟ್ಟ ಮೇಲೆ ಮೂಸೆಯನ್ನು ಒಡೆದು ನೋಡುವುದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ಒಳಗೆ ಕರಗಿ ಹೆಪ್ಪುಗಟ್ಟಿದ ಗಟ್ಟಿ ನಯವಾಗಿ, ಒಂದೇ ಬಣ್ಣದ್ದಾಗಿ ಇದ್ದರೆ ದಹನ ಪೂರ್ಣವಾಗಿದೆ, ನಡುವೆ ಲೋಹದ ಹೊಳಪು ಕಂಡರೆ ಪರದೆಯ ಅಂಕಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬಿಡಬೇಕು. ಸುಡುವಾಗ ಇಂಗಾಲ ಕ್ಷಣಕ್ಷಣಕ್ಕೆ ಎಷ್ಟು ಹೊರಬರುತ್ತಿದೆಯೆಂಬ ಬಿಡುಗಡೆಯ ರೇಖೆಯನ್ನು ಕಣ್ಣೆದುರೇ ಬಿಡಿಸಿ ತೋರಿಸುವ ತಂತ್ರಾಂಶವೂ ಮೆಚ್ಚತಕ್ಕದ್ದು. ಮೊದಲು ಸಣ್ಣದೊಂದು ಉಬ್ಬು, ಆಮೇಲೆ ದೊಡ್ಡದು ಕಂಡರೆ, ಮೇಲ್ಮೈಗೆ ಅಂಟಿದ ಜಿಡ್ಡು ಬೇಗ ಸುಟ್ಟು ಲೋಹದೊಳಗಿನ ಇಂಗಾಲ ತಡವಾಗಿ ಬಂದಿದೆಯೇ ಎಂದು ಅನುಮಾನಿಸಲು ಅವಕಾಶವಾಗುತ್ತದೆ.

ಇನ್ನು ಬ್ಲ್ಯಾಂಕ್ ವಿಷಯ. ಮಾದರಿಯೇ ಇಲ್ಲದೆ ಮೂಸೆ ಮತ್ತು ಆಕ್ಸಿಲರೇಟರ್ ಮಾತ್ರ ಹಾಕಿ ಸುಟ್ಟಾಗ ಬರುವ ಇಂಗಾಲದ ಅಂಕಿಯನ್ನು ಬ್ಲ್ಯಾಂಕ್ ಎನ್ನುತ್ತೇವೆ. ಪ್ರತಿ ಫಲಿತಾಂಶದಿಂದ ಅದನ್ನು ಕಳೆಯಬೇಕು. ಅರ್ಧ ಗ್ರಾಂ ಮಾದರಿಯಲ್ಲಿ 1 ಪಿಪಿಎಂ ಎಂದರೆ ಕೇವಲ ಅರ್ಧ ಮೈಕ್ರೋಗ್ರಾಂ ಇಂಗಾಲ. ಈ ಅಳತೆಯ ಎದುರು ನಮ್ಮ ಸುತ್ತಲಿನ ಗಾಳಿಯನ್ನಿಟ್ಟು ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಈಗ ಸುಮಾರು 420 ಪಿಪಿಎಂ ಇದೆ. ಆದ್ದರಿಂದ ಕೋಣೆಯ ಗಾಳಿಯ ಪ್ರತಿ ಮಿಲಿಲೀಟರಿನಲ್ಲೂ ಸುಮಾರು 0.2 ಮೈಕ್ರೋಗ್ರಾಂ ಇಂಗಾಲವಿರುತ್ತದೆ. ಮೂಸೆಯೊಳಗಿನ 10 ಮಿಲಿಲೀಟರ್ ಗಾಳಿ ಪೂರ್ತಿ ತೊಳೆದುಹೋಗದೆ ಉಳಿದರೆ 2 ಮೈಕ್ರೋಗ್ರಾಂ, ಅಂದರೆ ಅರ್ಧ ಗ್ರಾಂ ಮಾದರಿಗೆ 4 ಪಿಪಿಎಂ ಸುಮ್ಮನೆ ಸೇರಿತು. ಮನುಷ್ಯ ಹೊರಬಿಡುವ ಉಸಿರಿನಲ್ಲಿ ಡೈಆಕ್ಸೈಡ್ ಶೇಕಡಾ 4ರಷ್ಟಿರುವುದರಿಂದ ಅದರ ಒಂದೇ ಮಿಲಿಲೀಟರಿನಲ್ಲಿ ಸುಮಾರು 20 ಮೈಕ್ರೋಗ್ರಾಂ ಇಂಗಾಲವಿದೆ. ಅದು ಅರ್ಧ ಗ್ರಾಂ ಟೈಟಾನಿಯಂನಲ್ಲಿ 40 ಪಿಪಿಎಂಗೆ ಸಮ! ಕುಲುಮೆಯನ್ನು ಮುಚ್ಚಿದ ಮೇಲೆ ಉರಿ ಹೊತ್ತಿಸುವ ಮೊದಲು ಶುದ್ಧ ಆಮ್ಲಜನಕದಿಂದ ಒಳಗನ್ನು ತೊಳೆಯುವ ಅವಧಿ ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ಯಂತ್ರ ಕಾರ್ಖಾನೆಯಿಂದ ಬಂದಾಗ ಈ ಅವಧಿ ಉಕ್ಕಿನ ಕೆಲಸಕ್ಕೆ ತಕ್ಕಂತೆ ಚಿಕ್ಕದಾಗಿಯೇ ಇರುತ್ತದೆ; ಟೈಟಾನಿಯಂಗೆ ಅದನ್ನು ಹೆಚ್ಚಿಸಿಕೊಳ್ಳಬೇಕು. ಹೆಚ್ಚಿಸಲು ತಂತ್ರಾಂಶದಲ್ಲಿ ಅವಕಾಶವಿದೆ, ಆದರೆ ಅದು ಸೇವಾ ಎಂಜಿನಿಯರ್‌ಗಳ ಪುಟದೊಳಗೆ ಅಡಗಿದೆ. ಇಂಥ ಮುಖ್ಯ ಗುಂಡಿಯನ್ನು ಬಳಕೆದಾರರ ಕೈಗೆ ಸಿಗದಂತೆ ಇಟ್ಟಿರುವುದನ್ನು ನಾನು ದೊಡ್ಡ ಕೊರತೆಯೆಂದೇ ಎಣಿಸುತ್ತೇನೆ.

ಆಮ್ಲಜನಕದ ಸಿಲಿಂಡರನ್ನೂ ಹೀಗೆಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ದಹನಕ್ಕೆ 2 ಲೀಟರ್ ಆಮ್ಲಜನಕ ಹರಿದು, ಅದರಲ್ಲಿ 1 ಪಿಪಿಎಂ ಮೀಥೇನ್ ಇದ್ದರೂ ಹತ್ತಿರ ಹತ್ತಿರ 1 ಮೈಕ್ರೋಗ್ರಾಂ ಇಂಗಾಲವಾಯಿತು. ಮೀಥೇನ್ ತಣ್ಣಗಿರುವಾಗ ಡೈಆಕ್ಸೈಡ್‌ನ ಕೋಶಕ್ಕೆ ಕಾಣದೆ, ಕುಲುಮೆ ಹೊತ್ತಿದ ಮೇಲೆ ಸುಟ್ಟು ಕಾಣಿಸಿಕೊಳ್ಳುತ್ತದೆ. ಸಿಲಿಂಡರಿನ ಆಮ್ಲಜನಕವನ್ನು ಮೊದಲೇ ಬಿಸಿ ಕ್ಯಾಟಲಿಸ್ಟ್ ಮೂಲಕ ಹಾಯಿಸಿ, ಹುಟ್ಟಿದ ಡೈಆಕ್ಸೈಡನ್ನು ಸೋಡಿಯಂ ಹೈಡ್ರಾಕ್ಸೈಡ್ ಲೇಪಿತ ಹರಳುಗಳಿಂದ ಹೀರಿಸುವ ಸಣ್ಣ ಶುದ್ಧೀಕರಣ ಕುಲುಮೆ ಇದಕ್ಕೆ ಪರಿಹಾರ. ನಮಗೆ ಕಳಿಸಿದ ಬೆಲೆಪಟ್ಟಿಯಲ್ಲಿ ಅದನ್ನು ಐಚ್ಛಿಕವೆಂದು ಪ್ರತ್ಯೇಕವಾಗಿ ತೋರಿಸಿದ್ದರು. ಕ್ರಿಯಾಶೀಲ ಲೋಹಗಳ ಕೆಲಸಕ್ಕೆ ಅದು ಐಚ್ಛಿಕವಲ್ಲ. ಅದಿಲ್ಲದ ಯಂತ್ರವನ್ನು ಈ ಕೆಲಸಕ್ಕೆ ಕೊಳ್ಳಲೇಬಾರದು.

ಮೂಸೆಗಳ ಬಗ್ಗೆ ಯಂತ್ರದ ಕೈಪಿಡಿ ಒಂದೇ ಸಾಲಿನಲ್ಲಿ ಮಾತು ಮುಗಿಸುತ್ತದೆ. ಹೊಸ ಮೂಸೆಗಳನ್ನು 1000 ಡಿಗ್ರಿ ಅಥವಾ ಅದಕ್ಕೂ ಮೇಲೆ ಸಾಕಷ್ಟು ಹೊತ್ತು ಸುಟ್ಟು ಜಿಡ್ಡು, ಧೂಳು ಕಳೆಯಬೇಕು. ಆಮೇಲೆ ಬೆರಳು ತಗಲದಂತೆ ಇಕ್ಕಳದಲ್ಲೇ ಹಿಡಿದು, ಒಣಪಾತ್ರೆಯಲ್ಲಿಟ್ಟು, ಅದೇ ದಿನ ಬಳಸಬೇಕು. ಆಕ್ಸಿಲರೇಟರ್‌ನಲ್ಲೂ ಇಂಗಾಲವಿರುತ್ತದೆ, ಮತ್ತು ಡಬ್ಬಿಯಿಂದ ಡಬ್ಬಿಗೆ ಅದು ಬದಲಾಗುತ್ತದೆ. ಅಳತೆ ಚಮಚದಿಂದ ಹಾಕುವ ಅಭ್ಯಾಸ ಉಕ್ಕಿಗೆ ಸಾಕಾದರೂ ಇಲ್ಲಿ ಪ್ರತಿ ಬಾರಿಯೂ ತೂಗಿ ಹಾಕುವುದು ಅನಿವಾರ್ಯ. ಬ್ಲ್ಯಾಂಕ್‌ಗೆ ಹಾಕಿದಷ್ಟೇ ಮಾದರಿಗೂ ಬೀಳದಿದ್ದರೆ ಕಳೆಯುವ ಲೆಕ್ಕವೇ ತಪ್ಪುತ್ತದೆ. ಬ್ಲ್ಯಾಂಕ್‌ನ ಸರಾಸರಿ ಎಷ್ಟೆಂಬುದಕ್ಕಿಂತ ಅದು ಎಷ್ಟು ಚದುರುತ್ತದೆಂಬುದೇ ಮುಖ್ಯ, ಏಕೆಂದರೆ ಯಂತ್ರ ಪತ್ತೆ ಮಾಡಬಲ್ಲ ಕನಿಷ್ಠ ಪ್ರಮಾಣವನ್ನು ಆ ಚದುರುವಿಕೆಯ ಮೂರು ಪಟ್ಟು ಎಂದು ಹಿಡಿಯುವುದು ವಾಡಿಕೆ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ಪತ್ತೆಮಿತಿ ಬರೀ ಕೋಶದ್ದೋ, ಅಥವಾ ಮೂಸೆ, ಆಕ್ಸಿಲರೇಟರ್ ಸೇರಿದ ಪೂರ್ಣ ದಹನದ್ದೋ ಎಂದು ಮಾರಾಟಗಾರರನ್ನು ಬರವಣಿಗೆಯಲ್ಲಿ ಕೇಳಿ.

ಮಾದರಿ ತಯಾರಿಕೆಗೆ ಯಂತ್ರ ಹೊಣೆಯಲ್ಲದಿದ್ದರೂ ಅದನ್ನು ಬಿಟ್ಟು ಈ ವಿಮರ್ಶೆ ಪೂರ್ಣವಾಗದು. ಎಣ್ಣೆ ಸುರಿಯದೆ, ನಿಧಾನವಾಗಿ, ಚೂರುಗಳು ನೀಲಿ ಬಣ್ಣಕ್ಕೆ ತಿರುಗದಂತೆ ಕತ್ತರಿಸಿದ ದಪ್ಪ ಚೂರುಗಳೇ ಒಳ್ಳೆಯವು. ಚೂರು ತೆಳುವಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಾದಷ್ಟೂ ಅಂಟಿದ ಜಿಡ್ಡು ಹೆಚ್ಚು. ಎಣ್ಣೆಯಲ್ಲಿ ಮುಳುಗಿಸಿ ಕಿಡಿಯಿಂದ ಕೊರೆದ ಭಾಗಗಳ ಹೊರಪದರದಲ್ಲಿ ಇಂಗಾಲ ಸೇರಿರುವುದರಿಂದ ಆ ಪದರವನ್ನು ಅರೆದು ತೆಗೆದ ಮೇಲೆಯೇ ಮಾದರಿ ತೆಗೆಯಬೇಕು. ಅಸಿಟೋನ್‌ನಲ್ಲಿ ತೊಳೆದು ಬೆಚ್ಚಗಿನ ಗಾಳಿಯಲ್ಲಿ ಪೂರ್ತಿ ಒಣಗಿಸಬೇಕು. ಅಸಿಟೋನ್ ತಾನೂ ಇಂಗಾಲದ ಸಂಯುಕ್ತವೇ ಆದ್ದರಿಂದ ಅರೆಬರೆ ಒಣಗಿದ ಚೂರು ತೊಳೆಯದ ಚೂರಿಗಿಂತ ಕೆಟ್ಟದು. ಗ್ರಾಹಕರು ಪ್ಲಾಸ್ಟಿಕ್ ಚೀಲದಲ್ಲಿ ಕಳಿಸುವ ಎಣ್ಣೆ ಮೆತ್ತಿದ ಲೇತ್ ಚೂರುಗಳನ್ನು ಒಪ್ಪಿಕೊಳ್ಳದೆ, ಗಟ್ಟಿ ತುಂಡನ್ನೇ ಕೇಳಿ ತರಿಸಿಕೊಳ್ಳುವುದು ನಮ್ಮ ಪದ್ಧತಿ. ಇದಕ್ಕಾಗಿ ಕೆಲವರು ಬೇಸರಿಸಿಕೊಂಡು ಬೇರೆ ಕಡೆ ಹೋದರೂ ಪದ್ಧತಿಯನ್ನು ಸಡಿಲಿಸಿಲ್ಲ.

ಮಾಪನಾಂಕನದ, ಅಂದರೆ ತಿಳಿದ ಪ್ರಮಾಣದ ಮಾದರಿಗಳಿಂದ ಯಂತ್ರದ ಅಳತೆಯನ್ನು ಹೊಂದಿಸುವ (ಕ್ಯಾಲಿಬ್ರೇಷನ್) ವಿಷಯದಲ್ಲಿ ಯಂತ್ರ ನಂಬಿಕೆ ಉಳಿಸಿಕೊಂಡಿದೆ. ಪ್ರಮಾಣಿತ ಉಕ್ಕಿನ ಮಾದರಿಗಳಿಂದ ಎಳೆದ ರೇಖೆಯ ಮೇಲೆ ಪ್ರಮಾಣಿತ ಟೈಟಾನಿಯಂ ಮಾದರಿಯನ್ನು ಅಳೆದಾಗ ಫಲಿತಾಂಶ ಅದರ ಪ್ರಮಾಣಪತ್ರದ ವ್ಯಾಪ್ತಿಯಲ್ಲೇ ಬರುತ್ತದೆ. ಆದರೆ ತೀರಾ ಕಡಿಮೆ ಇಂಗಾಲದ ಪ್ರಮಾಣಿತ ಟೈಟಾನಿಯಂ ಸಿಗುವುದು ವಿರಳ. ಅಂಥ ಕಡೆ ಸೋಡಿಯಂ ಕಾರ್ಬೊನೇಟ್‌ನ ದ್ರಾವಣವನ್ನು ತವರದ ಪುಟ್ಟ ಬಟ್ಟಲಿಗೆ ಮೈಕ್ರೋಪಿಪೆಟ್‌ನಿಂದ ಹಾಕಿ ಒಣಗಿಸಿ ಸುಡಬಹುದು. ಅದರ ತೂಕದ ಶೇಕಡಾ 11.33ರಷ್ಟು ಇಂಗಾಲವೆಂದು ಪರಮಾಣು ತೂಕಗಳಿಂದಲೇ ತಿಳಿದಿರುವ ಕಾರಣ ಯಾರ ಪ್ರಮಾಣಪತ್ರವೂ ಬೇಕಿಲ್ಲ. ಈ ವಿಧಾನಕ್ಕೆ ತಂತ್ರಾಂಶದಲ್ಲಿ ಪ್ರತ್ಯೇಕ ಜಾಗ ಕೊಟ್ಟಿರುವುದು ಸಂತೋಷದ ಸಂಗತಿ.

ನಿರ್ವಹಣೆಯ ಹೊರೆ ಕಡಿಮೆಯೇನಲ್ಲ. ಟೈಟಾನಿಯಂ ಸುಟ್ಟಾಗ ಹುಟ್ಟುವ ಬಿಳಿ ಧೂಳು ಕೊಳವೆ, ಸೋಸುಬಲೆ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ತಾನಾಗಿ ಉಜ್ಜುವ ಕುಂಚ ಇದ್ದರೂ ಮೂಲೆಗಳಲ್ಲಿ ಧೂಳು ಉಳಿದು ಮುಂದಿನ ಮಾದರಿಯ ಡೈಆಕ್ಸೈಡನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವುದರಿಂದ ರೇಖೆಯ ಬಾಲ ಉದ್ದವಾಗುತ್ತದೆ. ಮೂಸೆ, ಆಕ್ಸಿಲರೇಟರ್, ಹೀರುವ ಹರಳುಗಳ ಖರ್ಚು ಯಂತ್ರದ ಬೆಲೆಯ ಜೊತೆ ಮೊದಲೇ ಲೆಕ್ಕ ಹಾಕತಕ್ಕದ್ದು.

ಪರ್ಯಾಯಗಳಿಲ್ಲವೇ? ಕೈಯಲ್ಲಿ ಹಿಡಿಯುವ ಎಕ್ಸ್–ರೇ ಗನ್‌ಗೆ ಇಂಗಾಲ ಕಾಣುವುದೇ ಇಲ್ಲ. ಕಿಡಿ ಹಾರಿಸಿ ಬೆಳಕು ಅಳೆಯುವ ಸ್ಪೆಕ್ಟ್ರೋಮೀಟರ್ 193 ನ್ಯಾನೋಮೀಟರ್‌ನ ರೇಖೆಯಲ್ಲಿ ಇಂಗಾಲವನ್ನು ತೋರಿಸುತ್ತದೆ, ಬೇಗವೂ ಆಗುತ್ತದೆ, ಆದರೆ ಕಾರ್ಬೈಡ್ ಕಣಗಳು ಸಮವಾಗಿ ಹರಡಿಲ್ಲದ ಲೋಹದಲ್ಲಿ ಅದು ನೋಡುವುದು ಒಂದು ಸಣ್ಣ ಚುಕ್ಕೆಯನ್ನು ಮಾತ್ರ. ನಿಜಕ್ಕೂ ಮೇಲ್ಮಟ್ಟದ ವಿಧಾನವೆಂದರೆ ಡ್ಯೂಟೆರಾನ್ ಅಥವಾ ಗಾಮಾ ಕಿರಣ ಹಾಯಿಸಿ ಇಂಗಾಲವನ್ನೇ ವಿಕಿರಣಶೀಲವಾಗಿಸುವುದು. ಗಾಮಾ ಹಾಯಿಸಿದಾಗ ಇಂಗಾಲ–12ರಿಂದ ಹುಟ್ಟುವ ಇಂಗಾಲ–11ರ ಅರ್ಧಾಯುಷ್ಯ ಸುಮಾರು 20 ನಿಮಿಷ. ಕಿರಣ ಹಾಯಿಸಿದ ಮೇಲೆ ಮಾದರಿಯ ಹೊರಪದರವನ್ನು ಆಮ್ಲದಲ್ಲಿ ಕರಗಿಸಿ ತೆಗೆದುಬಿಡಬಹುದು. ಆಮೇಲೆ ಅಂಟಿದ ಇಂಗಾಲ ವಿಕಿರಣಶೀಲವಲ್ಲದ ಕಾರಣ ಲೆಕ್ಕಕ್ಕೆ ಬರುವುದಿಲ್ಲ. ಬ್ಲ್ಯಾಂಕ್‌ನ ಕಾಟವೇ ಇಲ್ಲದ ಈ ದಾರಿಗೆ ವೇಗವರ್ಧಕ ಯಂತ್ರವಿರುವ ಸಂಸ್ಥೆ ಬೇಕಾದ್ದರಿಂದ ನಿತ್ಯದ ಕೆಲಸಕ್ಕೆ ಒದಗದು.

ಸುರಕ್ಷತೆಯ ಬಗ್ಗೆ ಒಂದು ಮಾತು. ಟೈಟಾನಿಯಂ, ಜಿರ್ಕೋನಿಯಂಗಳ ನುಣ್ಣನೆಯ ಪುಡಿಯನ್ನು ಈ ಕುಲುಮೆಗೆ ಹಾಕಬಾರದು, ಮೇಜಿನ ಮೇಲೆ ಸಂಗ್ರಹಿಸಿಯೂ ಇಡಬಾರದು. ಹೊತ್ತಿಕೊಂಡರೆ ನೀರಾಗಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರಾಗಲಿ ಬಳಸುವಂತಿಲ್ಲ, ಏಕೆಂದರೆ ಉರಿಯುವ ಟೈಟಾನಿಯಂ ಎರಡರಿಂದಲೂ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ ಯಂತ್ರದ ಪಕ್ಕದಲ್ಲೇ ಇರಬೇಕು. ನಮಗೆ ಬಂದ ಕೈಪಿಡಿಯಲ್ಲಿ ಈ ಎಚ್ಚರಿಕೆ ಕೊನೆಯ ಪುಟಗಳಲ್ಲಿತ್ತು, ಮೊದಲ ಪುಟದಲ್ಲಿರಬೇಕಿತ್ತು.

ಕೊಳ್ಳುವ ಮುನ್ನ ಡೆಮೋ ಕೇಳಿ, ಮತ್ತು ಅಲ್ಲಿಗೆ ನಿಮ್ಮದೇ ಟೈಟಾನಿಯಂ ಮಾದರಿ, ನಿಮ್ಮದೇ ಮೂಸೆಗಳನ್ನು ಒಯ್ಯಿರಿ. ಮೊದಲು ಸಾಲಾಗಿ ಬ್ಲ್ಯಾಂಕ್‌ಗಳನ್ನು ಸುಡಿಸಿ ಅಂಕಿಗಳನ್ನು ಬರೆದುಕೊಳ್ಳಿ. ಆಮೇಲೆ ಒಂದೇ ಮಾದರಿಯನ್ನು ಅರ್ಧ ಗ್ರಾಂ ತೂಕದಲ್ಲೂ ಕಾಲು ಗ್ರಾಂ ತೂಕದಲ್ಲೂ ಸುಡಿಸಿ. ಬ್ಲ್ಯಾಂಕ್ ಸರಿಯಾಗಿ ಕಳೆದಿದ್ದರೆ ಎರಡರಲ್ಲೂ ಪಿಪಿಎಂ ಒಂದೇ ಬರಬೇಕು. ಲೆಕ್ಕಕ್ಕೆ ಸಿಗದೆ 2 ಮೈಕ್ರೋಗ್ರಾಂ ಉಳಿದಿದ್ದರೂ ಅರ್ಧ ಗ್ರಾಂನಲ್ಲಿ 4 ಪಿಪಿಎಂ ಹೆಚ್ಚಾಗುವ ಕಡೆ ಕಾಲು ಗ್ರಾಂನಲ್ಲಿ 8 ಹೆಚ್ಚಾಗುತ್ತದೆ. ಮೇಲ್ಮೈಯ ಜಿಡ್ಡು ತೂಕದ ಜೊತೆಗೇ ಏರಿಳಿಯುವುದರಿಂದ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅದನ್ನು ಹಿಡಿಯಲು ಅದೇ ತುಂಡಿನಿಂದ ದಪ್ಪ ಚೂರುಗಳನ್ನೂ ತೆಳು ಚೂರುಗಳನ್ನೂ ಬೇರೆಬೇರೆಯಾಗಿ ತೆಗೆದು, ಎರಡನ್ನೂ ಒಂದೇ ತೂಕದಲ್ಲಿ ಸುಡಿಸಿ ನೋಡಬೇಕು. ಮಾರಾಟಗಾರರು ಇಷ್ಟಕ್ಕೆ ಒಪ್ಪದಿದ್ದರೆ ಬೇರೆಯವರ ಬಳಿ ಹೋಗಿ.